ನೋತ್ರ್ ದಾಮ್ ಲೆಗೊ ಸೆಟ್: ಕೊಡುವ ಹಣಕ್ಕೆ ತಕ್ಕದ್ದೇ?

ಪ್ರಶ್ನೆ: ಮೈಸೂರು ಮಿತ್ರ

ಎಲ್ಲರಿಗೂ ನಮಸ್ಕಾರ. ಪ್ಲಾಸ್ಟಿಕ್ ತುಂಡುಗಳನ್ನು ಜೋಡಿಸಿ ಮಾದರಿ ಕಟ್ಟುವ ಆಟಿಕೆಗಳ ಲೆಗೊ ಕಂಪನಿಯ ಆರ್ಕಿಟೆಕ್ಚರ್ ಸರಣಿಯಲ್ಲಿ 2024ರ ಜೂನ್‌ನಲ್ಲಿ ಬಂದ ಪ್ಯಾರಿಸ್ಸಿನ ನೋತ್ರ್ ದಾಮ್ ಚರ್ಚಿನ ಸೆಟ್ಟನ್ನು ಕೊಳ್ಳುವ ಆಸೆ ಬಹಳ ದಿನಗಳಿಂದ ಇದೆ. ಅದರಲ್ಲಿ 4,383 ತುಂಡುಗಳಿವೆ. ಅಮೆರಿಕದಲ್ಲಿ ಅದು ಬಿಡುಗಡೆಯಾದಾಗಿನ ಬೆಲೆ ಸುಮಾರು 230 ಡಾಲರ್. ನ್ಯೂಜೆರ್ಸಿಯಲ್ಲಿರುವ ನಮ್ಮಣ್ಣ ಮುಂದಿನ ತಿಂಗಳು ಊರಿಗೆ ಬರುತ್ತಿದ್ದು, ಬೇಕಿದ್ದರೆ ತರುತ್ತೇನೆ ಎಂದಿದ್ದಾರೆ. ಆದರೂ ಸುಮಾರು ಇಪ್ಪತ್ತು ಸಾವಿರ ರೂಪಾಯಿಯನ್ನು ಒಂದು ಆಟಿಕೆಗೆ ಹಾಕುವ ಮೊದಲು, ಕಟ್ಟಿ ನೋಡಿದವರ ಮಾತು ಕೇಳಬೇಕೆನಿಸಿತು. ಹೆಚ್ಚುಕಡಿಮೆ ಒಂದೇ ಬಣ್ಣದ ಇಷ್ಟೊಂದು ತುಂಡುಗಳನ್ನು ಜೋಡಿಸುತ್ತಾ ಹೋದರೆ ಬೇಸರ ಬರುವುದಿಲ್ಲವೇ? ಉತ್ಪಾದನೆ ನಿಂತ ಮೇಲೆ ಇಂಥ ಸೆಟ್ಟುಗಳ ಬೆಲೆ ಏರಿಯೇ ಏರುತ್ತದೆ, ಹಾಗಾಗಿ ನಷ್ಟದ ಮಾತೇ ಇಲ್ಲ ಎಂದು ಸ್ನೇಹಿತರೊಬ್ಬರು ಹೇಳುತ್ತಾರೆ. ಅದನ್ನು ಎಷ್ಟರಮಟ್ಟಿಗೆ ನಂಬಬಹುದು?

ಉತ್ತರ 1: ಕಲ್ಲುಕಂಬ

ಈ ಸೆಟ್ಟನ್ನು ನಾನು ಕಳೆದ ವರ್ಷ ಮೂರು ವಾರಗಳ ಕಾಲ, ಸಂಜೆ ಕೆಲಸದಿಂದ ಬಂದ ಮೇಲೆ ಕೂತು ಕಟ್ಟಿದ್ದೇನೆ. ಮೊದಲು ಬೆಲೆಯ ವಿಷಯ. ತುಂಡೊಂದಕ್ಕೆ 10 ಸೆಂಟ್ ಎಂಬುದು ಈ ಹವ್ಯಾಸದಲ್ಲಿರುವವರು ಹಿಂದಿನಿಂದ ಹಾಕಿಕೊಂಡು ಬಂದ ಲೆಕ್ಕ. ಆ ಲೆಕ್ಕದಲ್ಲಿ ನೋಡಿದರೆ ನೋತ್ರ್ ದಾಮ್ 5 ಸೆಂಟಿಗಿಂತ ತುಸು ಮೇಲಷ್ಟೇ ಬೀಳುತ್ತದೆ. 2017ರಲ್ಲಿ 7,541 ತುಂಡುಗಳ ಮಿಲೇನಿಯಮ್ ಫಾಲ್ಕನ್ (ಸ್ಟಾರ್ ವಾರ್ಸ್ ಸಿನಿಮಾದ ಆಕಾಶನೌಕೆಯ ಲೆಗೊ ಸೆಟ್) 800 ಡಾಲರಿಗೆ ಬಂದಾಗ ಅದು 10 ಸೆಂಟನ್ನೂ ದಾಟಿತ್ತು. ಆದರೆ ಇಷ್ಟಕ್ಕೇ ಇದು ಅಗ್ಗವೆಂದು ತೀರ್ಮಾನಿಸಬೇಡಿ. ಫಾಲ್ಕನ್‌ನಲ್ಲಿ ಅಂಗೈಯಗಲದ ಪ್ಲೇಟುಗಳಿವೆ, ಅದರ ಬೆಲೆಯಲ್ಲಿ ಸಿನಿಮಾ ಹಕ್ಕಿನ ಹಣವೂ ಸೇರಿದೆ. ಇಲ್ಲಿಯದರಲ್ಲಿ ಬಹಳಷ್ಟು ತುಂಡುಗಳು ಕಡಲೆಕಾಳಿನಷ್ಟೇ ಇದ್ದು, ತಟ್ಟೆಗೆ ಸುರಿದರೆ ಬೆರಳ ತುದಿಗೆ ಅಂಟಿಕೊಂಡು ಬರುತ್ತವೆ. ತುಂಡುಗಳ ಸಂಖ್ಯೆಯನ್ನು ಮಾತ್ರ ನೋಡಿ ಬೆಲೆ ಕಟ್ಟುವುದು, ಅಕ್ಕಿಯನ್ನು ತೂಗುವ ಬದಲು ಕಾಳು ಎಣಿಸಿ ಕೊಂಡ ಹಾಗೆ.

ಬೇಸರದ ಬಗ್ಗೆ ನೀವು ಕೇಳಿದ್ದು ಸರಿಯಾಗಿದೆ. ಮರಳಿನ ಬಣ್ಣವೇ ಹೆಚ್ಚು. ಗೋಡೆಗೆ ಹೊರಗಿನಿಂದ ಆನಿಕೆ ಕೊಡುವ ಕಮಾನುಗಳನ್ನು ಒಂದಾದ ಮೇಲೊಂದು ಒಂದೇ ರೀತಿ ಕಟ್ಟುವಾಗ ನನಗೂ ಎರಡು ಸಂಜೆ ಕೈ ಸೋತಿತ್ತು. ಹಾಗಿದ್ದರೂ ಈ ಸೆಟ್ಟನ್ನು ನಾನು ಮೆಚ್ಚಿಕೊಂಡದ್ದಕ್ಕೆ ಕಾರಣ ಅದರ ಕಟ್ಟುವ ಕ್ರಮ. ಮಿಕ್ಕ ಸೆಟ್ಟುಗಳಂತೆ ಇದು ತಳದಿಂದ ತುದಿಗೆ ನೇರವಾಗಿ ಏರುವುದಿಲ್ಲ. 1163ರಲ್ಲಿ ನಿಜವಾದ ಕಟ್ಟಡದ ಕೆಲಸ ಎಲ್ಲಿ ತೊಡಗಿತೋ ಆ ಪೂರ್ವದ ತುದಿಯಿಂದಲೇ ಇಲ್ಲಿಯೂ ತೊಡಗಿ, ಪಶ್ಚಿಮದ ಮುಂಭಾಗಕ್ಕೂ ಎರಡು ಗೋಪುರಗಳಿಗೂ ಬಂದು, 19ನೇ ಶತಮಾನದಲ್ಲಿ ವಾಸ್ತುಶಿಲ್ಪಿ ವಿಯೊಲೆ ಲೆ ದುಕ್ ಹೊಸದಾಗಿ ನಿಲ್ಲಿಸಿದ ಶಿಖರವನ್ನೂ ಒಳಗೊಳ್ಳುತ್ತದೆ. 2019ರ ಏಪ್ರಿಲ್ 15ರ ಬೆಂಕಿಯಲ್ಲಿ ಉರಿದು ಬಿದ್ದದ್ದು ಆ ಶಿಖರವೇ. ಅದನ್ನು ಎರಡು ಬೆರಳಲ್ಲಿ ಹಿಡಿದು ಛಾವಣಿಯ ಮೇಲೆ ಒತ್ತಿ ಕೂರಿಸಿದಾಗ ನಾನು ಸ್ವಲ್ಪ ಹೊತ್ತು ಸುಮ್ಮನೆ ನೋಡುತ್ತಾ ಕುಳಿತಿದ್ದೆ. ಛಾವಣಿ ಬಿಚ್ಚಿ ಬರುವುದರಿಂದ ಒಳಗಿನ ಕಂಬಗಳ ಸಾಲನ್ನೂ ಯಾವಾಗ ಬೇಕಾದರೂ ನೋಡಬಹುದು. ಕಟ್ಟಡಗಳ ಮೇಲೆ ನಿಮಗೆ ಪ್ರೀತಿ ಇದ್ದರೆ ಧಾರಾಳವಾಗಿ ತರಿಸಿಕೊಳ್ಳಿ. ಕೇವಲ ದೊಡ್ಡ ಸೆಟ್ಟೊಂದು ಮನೆಯಲ್ಲಿರಲಿ ಎಂಬ ಆಸೆಯಾದರೆ ಅರ್ಧಕ್ಕೇ ನಿಲ್ಲಿಸುವ ಸಾಧ್ಯತೆ ಹೆಚ್ಚು.

ಉತ್ತರ 2: ಹಳೇ ಪೆಟ್ಟಿಗೆ

ಬೆಲೆ ಏರಿಯೇ ಏರುತ್ತದೆ ಎನ್ನುವವರಿಗೆ ನಾನು ತಾಜ್ ಮಹಲಿನ ಉದಾಹರಣೆ ಕೊಡುತ್ತೇನೆ. 2008ರಲ್ಲಿ ಲೆಗೊ 5,922 ತುಂಡುಗಳ ತಾಜ್ ಮಹಲನ್ನು ತಂದಿತ್ತು. ಅದರ ಉತ್ಪಾದನೆ ನಿಂತ ಮೇಲೆ ಸಂಗ್ರಾಹಕರ ನಡುವೆ ಮೂಲ ಬೆಲೆಯ ಹಲವು ಪಟ್ಟಿಗೆ ಕೈ ಬದಲಾಯಿಸುತ್ತಿತ್ತು. 2017ರಲ್ಲಿ ಕಂಪನಿ ಹೆಚ್ಚುಕಡಿಮೆ ಅದೇ ಸೆಟ್ಟನ್ನು, ಒಂದೇ ಒಂದು ತುಂಡು ಹೆಚ್ಚಿಸಿ, ಹೊಸ ಸಂಖ್ಯೆಯಲ್ಲಿ ಮತ್ತೆ ಬಿಡುಗಡೆ ಮಾಡಿತು. ಹಳೆಯದಕ್ಕೆ ಸಾಲ ಮಾಡಿ ಹಣ ಸುರಿದವರ ಪಾಡೇನಾಗಿರಬೇಕು ಎಂದು ನೀವೇ ಯೋಚಿಸಿ. ಏರುವ ಸೆಟ್ಟುಗಳು ಇಲ್ಲವೆಂದಲ್ಲ. ಆದರೆ ಆ ಏರಿಕೆ ಸಿಗಬೇಕಾದರೆ ಪೆಟ್ಟಿಗೆಯ ಸೀಲು ಒಡೆಯದೆ, ಮೂಲೆ ಜಜ್ಜದೆ, ತೇವ ತಾಗದೆ ವರ್ಷಗಟ್ಟಲೆ ಕಾಯಬೇಕು. ಕಟ್ಟುವ ಸುಖವೂ ಬೇಕು, ಮಾರುವ ಲಾಭವೂ ಬೇಕು ಎಂದರೆ ಒಂದೇ ಪೆಟ್ಟಿಗೆಯಿಂದ ಎರಡೂ ದಕ್ಕುವುದಿಲ್ಲ.

ಇನ್ನೊಂದು ಮಾತು. ನಾನು ಒಮ್ಮೆ ಉತ್ಪಾದನೆ ನಿಂತ ಸೆಟ್ಟೊಂದನ್ನು ಸೀಲು ಒಡೆದಿಲ್ಲ ಎಂಬ ಭರವಸೆಯ ಮೇಲೆ ಆನ್‌ಲೈನ್ ಮಾರಾಟಗಾರರೊಬ್ಬರಿಂದ ಕೊಂಡಿದ್ದೆ. ಮನೆಗೆ ಬಂದಾಗ ಅಂಟುಪಟ್ಟಿಯ ಕೆಳಗೆ ಮತ್ತೊಂದು ಅಂಟುಪಟ್ಟಿ ಇತ್ತು, ಒಳಗಿನ ಎರಡು ಚೀಲಗಳನ್ನು ಬಿಚ್ಚಿ ಮತ್ತೆ ಮಡಚಿಟ್ಟಿದ್ದರು. ಆದ್ದರಿಂದ ಸೆಟ್ ಚಾಲ್ತಿಯಲ್ಲಿರುವಾಗಲೇ ನಂಬಿಕೆಯ ಅಂಗಡಿಯಿಂದ ಕೊಳ್ಳುವುದು ಒಳ್ಳೆಯದು. ಕೊರಿಯರ್‌ನಲ್ಲಿ ತರಿಸುವ ಯೋಚನೆ ಬೇಡ. 2023ರಲ್ಲಿ ಹೊರದೇಶದ ಆಟಿಕೆಗಳ ಮೂಲ ಆಮದು ಸುಂಕವನ್ನೇ ಶೇ. 70ಕ್ಕೆ ಏರಿಸಿದ್ದರು.

ಉತ್ತರ 3: ಧಾರವಾಡದಾಕಿ

ಎಲ್ಲಿ ಇಡುತ್ತೀರಿ ಎಂಬುದನ್ನು ಈಗಲೇ ನಿಶ್ಚಯಿಸಿ. ಕಟ್ಟಿದ ಮೇಲೆ ಇದು ಸುಮಾರು 33 ಸೆಂ.ಮೀ. ಎತ್ತರ, 22 ಸೆಂ.ಮೀ. ಅಗಲ, 41 ಸೆಂ.ಮೀ. ಉದ್ದವಾಗುತ್ತದೆ. ನಾನು ಮಾದರಿಯೊಂದನ್ನು ಕಿಟಕಿಯ ಪಕ್ಕ ಬಿಸಿಲು ಬೀಳುವಲ್ಲಿ ಇಟ್ಟು, ಬಿಳಿಯ ಭಾಗಗಳು ಹಳದಿಗೆ ತಿರುಗಿದ ಮೇಲೆ ಪಶ್ಚಾತ್ತಾಪ ಪಟ್ಟವಳು. ಇಷ್ಟು ಸಂದುಗೊಂದುಗಳಿರುವ ಮಾದರಿಗೆ ಗಾಜಿನ ಬಾಗಿಲು ಇಲ್ಲದಿದ್ದರೆ ಧೂಳು ತೆಗೆಯುವುದು ತಿಂಗಳ ಕೆಲಸವಾಗುತ್ತದೆ.

ಮೈಸೂರು ಮಿತ್ರ

ಮೂವರಿಗೂ ಧನ್ಯವಾದಗಳು. ನಮ್ಮ ಗಾಜಿನ ಕಪಾಟಿನ ಆಳ ಅಳೆದೆ, 30 ಸೆಂ.ಮೀ. ಇದೆ. ಮುಂಭಾಗವನ್ನು ಎದುರಿಗೆ ಮಾಡಿ ಇಡಲಾಗದು, ಆದರೆ ಅಡ್ಡವಾಗಿ ಇಟ್ಟರೆ ಕೂರುತ್ತದೆ. ಆಗ ಆನಿಕೆಯ ಕಮಾನುಗಳ ಸಾಲೇ ಎದುರಿಗೆ ಕಾಣುವುದರಿಂದ ನನಗೆ ಅದೇ ಹೆಚ್ಚು ಇಷ್ಟವಾಯಿತು. ಅಣ್ಣನಿಗೆ ತರಲು ಹೇಳಿದ್ದೇನೆ, ಕಟ್ಟುವುದಕ್ಕಾಗಿಯೇ.