ಏಪ್ರಿಲ್ ತಿಂಗಳ ಹಿಮ: ಕೆನಡಾದ ಕರಾವಳಿ ಬೆಟ್ಟಗಳಲ್ಲಿ ಎಷ್ಟು ಹೊತ್ತಿಗೆ ಹಿಂದಿರುಗಬೇಕು?

ಕೋಥ್ರೂಡ್, ಪುಣೆ (ಪ್ರಶ್ನೆ):
ನಮಸ್ಕಾರ. ಏಪ್ರಿಲ್ ಕೊನೆಯ ವಾರ ವ್ಯಾಂಕೂವರ್‌ನಲ್ಲಿರುವ ಮಗಳ ಮನೆಗೆ ಹೋಗುತ್ತಿದ್ದು, ವಿಸ್ಲರ್ ಸುತ್ತಲಿನ ಬೆಟ್ಟಗಳಲ್ಲಿ ಒಂದು ದಿನ ಹಿಮದ ಮೇಲೆ ಚಾರಣ ಮಾಡಬೇಕೆಂದಿದ್ದೇವೆ. ಸಿಂಹಗಡ, ರಾಜಗಡಗಳನ್ನು ಹಲವು ವರ್ಷ ಹತ್ತಿಳಿದಿರುವ ನನಗೆ ಭೂಕುಸಿತದ ಭಯ ಗೊತ್ತು. 2014ರ ಜುಲೈ 30ರಂದು ನಮ್ಮ ಜಿಲ್ಲೆಯ ಮಾಳೀಣ ಗ್ರಾಮ ಗುಡ್ಡದಡಿ ಹೂತುಹೋದದ್ದನ್ನು ಮರೆಯಲಾಗದು. ಆದರೆ ಇಲ್ಲಿ ಮಳೆ ನಿಂತು ಬಿಸಿಲು ಬಿದ್ದರೆ ಧೈರ್ಯ ಬರುತ್ತದೆ. ಅಲ್ಲಿ ಬಿಸಿಲೇ ಅಪಾಯವೆಂದು ಮಗಳು ಹೇಳುತ್ತಾಳೆ. ಅದು ಹೇಗೆ?

ಚಿಂಚ್‌ವಡ, ಪುಣೆ:
ರಾಯರೇ, ಮಗಳ ಮಾತು ಸರಿ. ಉದ್ಯೋಗದ ನಿಮಿತ್ತ ಅಲ್ಲಿದ್ದಾಗ ಆ ಬೆಟ್ಟಗಳಲ್ಲಿ ಸಾಕಷ್ಟು ನಡೆದಿದ್ದೇನೆ. ಪೆಸಿಫಿಕ್ ಸಾಗರದ ತೇವದಿಂದಾಗಿ ಅಲ್ಲಿನ ಹಿಮ ಒಳನಾಡಿನ ರಾಕಿ ಪರ್ವತಗಳದ್ದಕ್ಕಿಂತ ದಪ್ಪ ಮತ್ತು ಭಾರ. ಹಗಲಿನಲ್ಲಿ ಕರಗಿದ ಮೇಲ್ಪದರವು ಮೋಡವಿಲ್ಲದ ರಾತ್ರಿಯಲ್ಲಿ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟು ಹೆಪ್ಪುಗಟ್ಟುತ್ತದೆ. ಬಿಸಿಲೇರಿದಂತೆ ಹರಳುಗಳ ನಡುವಿನ ಬೆಸುಗೆ ಸಡಿಲಗೊಂಡು, ನೀರು ಒಳಗಿಳಿದು, ಇಳಿಜಾರು ಹಿಡಿತ ಕಳೆದುಕೊಳ್ಳುತ್ತದೆ. ಪೂರ್ವದ ಮುಖ ಮೊದಲು ಸಡಿಲವಾಗುತ್ತದೆ, ನಂತರ ದಕ್ಷಿಣ, ಮಧ್ಯಾಹ್ನದ ಮೇಲೆ ಪಶ್ಚಿಮ. ಮೋಡ ಮುಸುಕಿದ ಬೆಚ್ಚಗಿನ ರಾತ್ರಿಯಲ್ಲಿ ಹೆಪ್ಪು ಸರಿಯಾಗಿ ಕಟ್ಟುವುದಿಲ್ಲ. ಅಂಥ ದಿನ ಬೆಳಗ್ಗೆ ಆರಕ್ಕೂ ಭರವಸೆಯಿಡಬಾರದು. ಆದ್ದರಿಂದ ಹೊರಡುವ ಮುನ್ನ ಹಿಂದಿನ ರಾತ್ರಿ ಹೇಗಿತ್ತೆಂದು ವಿಚಾರಿಸಿ.

ಬೂಟಿನ ಗುರುತನ್ನೂ ನೋಡುತ್ತಿರಿ. ಬೆಳಗ್ಗೆ ಅದು ಗೀರಿನಷ್ಟೇ ಇರುತ್ತದೆ. ಕಾಲು ಹರಡಿನವರೆಗೆ ಹುಗಿಯತೊಡಗಿದರೆ ತಡವಾಯಿತೆಂದೇ ಅರ್ಥ. ಮೇಲಿನಿಂದ ಹಿಮ ಚಕ್ಕುಲಿಯಂತೆ ಸುರುಳಿ ಸುತ್ತಿಕೊಂಡು ಉರುಳಿ ಬರುವುದನ್ನು ಕಂಡರೆ ಫೋಟೊಕ್ಕೂ ನಿಲ್ಲಬೇಡಿ.

ಮಡಗಾಂವ್, ಗೋವಾ:
ಇನ್ನೊಂದು ಮಾತು ಸೇರಿಸಲೇಬೇಕು. ನೀವು ನಡೆಯುವ ದಾರಿ ಸಮತಟ್ಟಾಗಿದ್ದರೂ ಅದರ ಮೇಲ್ಗಡೆಯ ಇಳಿಜಾರು 30ರಿಂದ 45 ಡಿಗ್ರಿ ಇದ್ದರೆ, ನೀವು ಹಿಮಕುಸಿತದ ಹಾದಿಯಲ್ಲೇ ಇದ್ದೀರಿ. ಶಿಖರದಂಚಿನಿಂದ ಸೂರಿನಂತೆ ಹೊರಚಾಚಿದ ಹಿಮ ಬಿಸಿಲಿಗೆ ಮುರಿದು ಬೀಳುತ್ತದೆ. ಅವಲಾಂಚ್ ಕೆನಡಾ ಸಂಸ್ಥೆಯ ಐದು ಹಂತಗಳ ಮುನ್ನೆಚ್ಚರಿಕೆಯನ್ನು ಓದಿ. ಋತು ಮುಗಿಯುತ್ತಾ ಬಂದಂತೆ ಅದರ ದೈನಿಕ ಪ್ರಕಟಣೆ ನಿಲ್ಲುತ್ತದೆ, ಅಪಾಯ ನಿಲ್ಲುವುದಿಲ್ಲ. ಸಂಕೇತ ಕಳಿಸುವ ಟ್ರಾನ್ಸೀವರ್, ಶೋಧಕೋಲು, ಸಲಿಕೆ ಪ್ರತಿಯೊಬ್ಬರ ಬಳಿಯೂ ಇರಲಿ. ಹೂತವರನ್ನು ಮೊದಲ ಹತ್ತು ಹದಿನೈದು ನಿಮಿಷಗಳಲ್ಲಿ ಹೊರತೆಗೆದರೆ ಬದುಕುವ ಸಾಧ್ಯತೆ ಹೆಚ್ಚು, ಆಮೇಲೆ ಅದು ಬೇಗ ಕುಸಿಯುತ್ತದೆ. ಅಷ್ಟರಲ್ಲಿ ಹೊರಗಿನ ನೆರವು ತಲುಪುವುದು ಅಪರೂಪ.

ಕೋಥ್ರೂಡ್, ಪುಣೆ:
ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ಮಾರ್ಗದರ್ಶಕರನ್ನು ಗೊತ್ತುಮಾಡಲು ಮಗಳಿಗೆ ಈಗಷ್ಟೇ ಹೇಳಿದೆ. ಬೆಳಗಿನ ಜಾವ ಹೊರಟು ಹತ್ತು ಗಂಟೆಯೊಳಗೆ ಇಳಿಯುತ್ತೇವೆ. ಹಿಂದಿನ ರಾತ್ರಿ ಮೋಡವಿದ್ದರೆ ಹೋಗುವುದಿಲ್ಲ.