ವಿಮಾ ಕಂಪನಿ ಬದಲಿಸುವಾಗ ಕಾರು ಒಂದು ದಿನವೂ ವಿಮೆಯಿಲ್ಲದೆ ಉಳಿಯಬಾರದು: ಏನು ಮಾಡಬೇಕು?

ಪ್ರಶ್ನೆ (ಶಿವಮೊಗ್ಗದಿಂದ)

ಎರಡು ವರ್ಷಗಳ ಹಿಂದೆ ಅಕ್ಟೋಬರ್ 15ರಂದು ಹೊಸ ಕಾರು ಕೊಂಡೆ. ಶೋರೂಮಿನವರು ಮಾಡಿಸಿಕೊಟ್ಟ ವಿಮೆಯನ್ನು ಕಳೆದ ವರ್ಷ ಅದೇ ಕಂಪನಿಯಲ್ಲಿ ನವೀಕರಿಸಿದೆ. ಈವರೆಗೆ ಕ್ಲೇಮು ಮಾಡಿಲ್ಲ. ಈ ಸಲ ಬೇರೆ ಕಂಪನಿಗೆ ಹೋಗುವ ಮನಸ್ಸಿದೆ, ಏಕೆಂದರೆ ಅವರ ಕ್ಯಾಶ್‌ಲೆಸ್ ಗ್ಯಾರೇಜು (ರಿಪೇರಿಯ ಹಣವನ್ನು ಕಂಪನಿಯೇ ನೇರವಾಗಿ ಕಟ್ಟುವ ಗ್ಯಾರೇಜು) ನಮ್ಮ ಊರಿನಲ್ಲಿಯೇ ಇದೆ. ಈಗಿನ ಪಾಲಿಸಿ ಅಕ್ಟೋಬರ್ 14ರ ಮಧ್ಯರಾತ್ರಿಗೆ ಮುಗಿಯುತ್ತದೆ; 15ರ ನಸುಕಿನಲ್ಲಿ ತಂದೆ ತಾಯಿಯನ್ನು ಕರೆದುಕೊಂಡು ಆಗುಂಬೆ ಮಾರ್ಗವಾಗಿ ಧರ್ಮಸ್ಥಳಕ್ಕೆ ಹೊರಡುವವನಿದ್ದೇನೆ. ಏಜೆಂಟರೊಬ್ಬರು, ಅವಧಿ ಮುಗಿದ ಮೇಲೂ 90 ದಿನಗಳ ಗಡುವಿರುತ್ತದೆ, ಹಿಂದಿರುಗಿದ ಮೇಲೆ ಮಾಡಿಸಿದರಾಯಿತು ಎಂದರು. ಇನ್ನೊಬ್ಬರು ಥರ್ಡ್ ಪಾರ್ಟಿ (ನಮ್ಮ ಗಾಡಿಯಿಂದ ಬೇರೆಯವರಿಗಾಗುವ ಹಾನಿಯ ವಿಮೆ) ಸೇರಿದ ಪೂರ್ಣ ಪಾಲಿಸಿಯನ್ನೇ ಕೊಳ್ಳಬೇಕೆನ್ನುತ್ತಾರೆ. ತಿಳಿದವರು ದಯವಿಟ್ಟು ಸರಿಯಾದ ದಾರಿ ತೋರಿಸಿ.

ಉತ್ತರ 1 (ಸಾಮಾನ್ಯ ವಿಮಾ ಕ್ಷೇತ್ರದಿಂದ ನಿವೃತ್ತರಾದವರು)

ಆ 90 ದಿನಗಳ ಮಾತನ್ನು ನಂಬಿ ದಯವಿಟ್ಟು ಗಾಡಿ ಹೊರತೆಗೆಯಬೇಡಿ. ಆ ಗಡುವು ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮು ಮಾಡದ ವರ್ಷಗಳಿಗಾಗಿ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಉಳಿಸಿಕೊಳ್ಳುವುದಕ್ಕೆ ಮಾತ್ರ ಸಂಬಂಧಿಸಿದ್ದು; ಅವಧಿ ಮುಗಿದ ಕ್ಷಣದಿಂದ ಹೊಸ ಪಾಲಿಸಿ ಶುರುವಾಗುವವರೆಗೆ ನಡೆದ ಅಪಘಾತದಲ್ಲಿ ನಿಮ್ಮ ಕಾರಿಗಾದ ಹಾನಿಗೆ ಯಾವ ಕಂಪನಿಯೂ ಹೊಣೆಯಲ್ಲ. ಈ ತಪ್ಪು ತಿಳಿವಳಿಕೆಯಿಂದ ಕೈ ಸುಟ್ಟುಕೊಂಡವರನ್ನು ನನ್ನ ಸೇವಾವಧಿಯಲ್ಲಿ ಬಹಳ ನೋಡಿದ್ದೇನೆ.

ಇನ್ನು ನಿಮ್ಮ ಎರಡನೆಯ ಸಂದೇಹ. ಸುಪ್ರೀಂ ಕೋರ್ಟಿನ ಆದೇಶದಂತೆ 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ ಮೂರು ವರ್ಷಗಳ ಥರ್ಡ್ ಪಾರ್ಟಿ ವಿಮೆ ಕಡ್ಡಾಯವಾಗಿರುವುದರಿಂದ, ನಿಮ್ಮ ಥರ್ಡ್ ಪಾರ್ಟಿ ಭಾಗ ಹಳೆಯ ಕಂಪನಿಯಲ್ಲಿಯೇ ಇನ್ನೊಂದು ವರ್ಷ ಜೀವಂತವಾಗಿರುತ್ತದೆ. ಈಗ ಮುಗಿಯುತ್ತಿರುವುದು ಸ್ವಂತ ಹಾನಿಯ, ಅಂದರೆ ಓನ್ ಡ್ಯಾಮೇಜ್ ಭಾಗ ಮಾತ್ರ. ಅದೊಂದನ್ನೇ ಬೇರೆ ಕಂಪನಿಯಿಂದ ಕೊಳ್ಳಲು 2019ರ ಸೆಪ್ಟೆಂಬರ್‌ನಿಂದ ಅವಕಾಶವಿದೆ; ಹಳೆಯ ಥರ್ಡ್ ಪಾರ್ಟಿ ಪಾಲಿಸಿಯ ಸಂಖ್ಯೆ ಮತ್ತು ಮುಕ್ತಾಯದ ದಿನಾಂಕವನ್ನು ಹೊಸ ಕಂಪನಿಗೆ ಕೊಟ್ಟರೆ ಸಾಕು. ಪೂರ್ಣ ಪಾಲಿಸಿ ಕೊಂಡರೆ ಒಂದೇ ರಕ್ಷಣೆಗೆ ಎರಡು ಬಾರಿ ಹಣ ತೆತ್ತಂತಾಗುತ್ತದೆ. 2022ರ ಜೂನ್‌ನಲ್ಲಿ ನಿಗದಿಯಾದ ದರದಂತೆ 1,000ದಿಂದ 1,500 ಸಿಸಿ ವರೆಗಿನ ಕಾರಿಗೆ ಥರ್ಡ್ ಪಾರ್ಟಿ ಪ್ರೀಮಿಯಂ ವರ್ಷಕ್ಕೆ 3,416 ರೂಪಾಯಿ.

ಯಾರೂ ಗಮನಿಸದ ಇನ್ನೊಂದು ಕಂಡಿ ಇದೆ. ಮಾಲೀಕ-ಚಾಲಕರ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆಯನ್ನು ಶೋರೂಮಿನಲ್ಲಿ ಒಂದು ವರ್ಷಕ್ಕೆ ಮಾಡಿಸಿದ್ದರೋ ಮೂರು ವರ್ಷಕ್ಕೋ ಎಂಬುದನ್ನು ಹಳೆಯ ಪಾಲಿಸಿಯಲ್ಲಿ ನೋಡಿ. ಓನ್ ಡ್ಯಾಮೇಜ್ ಪಾಲಿಸಿಯನ್ನು ಬೇರೆಯಾಗಿ ಕೊಂಡಾಗ ಅದು ತಾನಾಗಿಯೇ ಸೇರಿಬರುತ್ತದೆ ಎಂದು ಭಾವಿಸಬೇಡಿ.

ಉತ್ತರ 2 (ಬೆಂಗಳೂರಿನಿಂದ)

ಮೇಲಿನ ಹಿರಿಯರ ಮಾತಿಗೆ ನನ್ನದೇ ಅನುಭವವನ್ನು ಸೇರಿಸುತ್ತೇನೆ. ಶನಿವಾರ ಮಧ್ಯರಾತ್ರಿಗೆ ಮುಗಿಯುವ ಪಾಲಿಸಿಗೆ ಬದಲಾಗಿ ಹೊಸ ಕಂಪನಿಯ ಪ್ರೀಮಿಯಮ್ಮನ್ನು ಅದೇ ರಾತ್ರಿ ಹನ್ನೊಂದು ಗಂಟೆಗೆ ಆನ್‌ಲೈನಿನಲ್ಲಿ ಕಟ್ಟಿದೆ. ಖಾತೆಯಿಂದ ಹಣ ಹೋಯಿತು, ಆದರೆ ಪಾವತಿ ಅರ್ಧದಲ್ಲಿಯೇ ನಿಂತು ಕಂಪನಿಗೆ ತಲುಪಲಿಲ್ಲ. 1938ರ ವಿಮಾ ಕಾಯ್ದೆಯ 64ವಿಬಿ ಸೆಕ್ಷನ್ ಪ್ರಕಾರ ಪ್ರೀಮಿಯಂ ಕೈಸೇರದೆ ಕಂಪನಿ ಹೊಣೆ ಹೊರುವಂತಿಲ್ಲ ಎಂಬುದು ಆಗ ನನಗೆ ಗೊತ್ತಿರಲಿಲ್ಲ. ಸೋಮವಾರ ಮತ್ತೆ ಹಣ ಕಟ್ಟಲು ಹೋದಾಗ, ಪಾಲಿಸಿಯ ಸರಣಿ ತುಂಡಾಗಿರುವುದರಿಂದ ಮೊದಲು ಗಾಡಿಯ ಇನ್ಸ್‌ಪೆಕ್ಷನ್ ಆಗಬೇಕೆಂದರು. ಇನ್ಸ್‌ಪೆಕ್ಷನ್‌ನವರು ಬರುವ ಮುನ್ನವೇ ಅಂದು ರಾತ್ರಿ ಸುರಿದ ಮಳೆಗೆ ನೆಲಮಾಳಿಗೆಯ ಪಾರ್ಕಿಂಗ್‌ನಲ್ಲಿ ನೀರು ನುಗ್ಗಿ ಎಂಜಿನ್ ಹಾಳಾಯಿತು. ರಿಪೇರಿಯ ಖರ್ಚು ಪೂರ್ತಿ ನನ್ನ ಮೇಲೆ ಬಿತ್ತು. ಅಂದಿನಿಂದ ನಾನು ಎರಡು ಮೂರು ವಾರ ಮೊದಲೇ ಹಣ ಕಟ್ಟಿ, ಪಾಲಿಸಿ ಕೈಗೆ ಬಂದ ಮೇಲೆಯೇ ನಿಶ್ಚಿಂತಳಾಗುತ್ತೇನೆ. ಮುಂಚಿತವಾಗಿ ಕಟ್ಟಿದರೂ ಆರಂಭದ ದಿನಾಂಕವನ್ನು ಹಳೆಯದು ಮುಗಿಯುವ ಮಧ್ಯರಾತ್ರಿಗೆ ಹೊಂದಿಸಬಹುದಾದ್ದರಿಂದ ಒಂದು ದಿನವೂ ನಷ್ಟವಾಗುವುದಿಲ್ಲ.

ಉತ್ತರ 3

ನೋ ಕ್ಲೇಮ್ ಬೋನಸ್ ಬಗ್ಗೆ ಒಂದು ಮಾತು. ಅದು ಕಂಪನಿಗೆ ಅಂಟಿದ್ದಲ್ಲ, ಮಾಲೀಕರ ಸ್ವತ್ತು. ಆದ್ದರಿಂದ ಕಂಪನಿ ಬದಲಿಸಿದರೂ ನಿಮ್ಮ ಜೊತೆಗೇ ಬರುತ್ತದೆ. ಮೊದಲ ವರ್ಷಕ್ಕೆ ಶೇ. 20, ಎರಡನೆಯದಕ್ಕೆ ಶೇ. 25, ಹೀಗೆ ಐದು ವರ್ಷಕ್ಕೆ ಶೇ. 50ರ ವರೆಗೆ ಏರುತ್ತದೆ. ನಿಮ್ಮ ಹಳೆಯ ಪಾಲಿಸಿಯಲ್ಲಿ ಶೇ. 20 ಎಂದಿದ್ದರೆ ಹೊಸದರಲ್ಲಿ ಶೇ. 25 ಇರಬೇಕು. ಕ್ಲೇಮು ಮಾಡಿದ್ದವರು ಅದನ್ನು ಮುಚ್ಚಿಟ್ಟು ಬೋನಸ್ ಪಡೆದರೆ ಮುಂದೆ ಕ್ಲೇಮೇ ತಿರಸ್ಕೃತವಾಗಬಹುದು.

ಮುಂದಿನ ವರ್ಷ ಥರ್ಡ್ ಪಾರ್ಟಿ ಅವಧಿಯೂ ಮುಗಿಯುತ್ತದೆ. ಆಗ ಮೈಮರೆತರೆ ಪೆಟ್ಟು ಇನ್ನೂ ದೊಡ್ಡದು. ಮೋಟಾರು ವಾಹನ ಕಾಯ್ದೆಯಂತೆ ಮೊದಲ ಸಲಕ್ಕೆ 2,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗಿನ ಸೆರೆವಾಸ ಅಥವಾ ಎರಡೂ ಆಗಬಹುದು. ಅದಕ್ಕಿಂತ ಮಿಗಿಲಾಗಿ, ದಾರಿಹೋಕರೊಬ್ಬರ ಪ್ರಾಣಕ್ಕೆ ಕುತ್ತು ಬಂದರೆ ನ್ಯಾಯಮಂಡಳಿ ವಿಧಿಸುವ ಪರಿಹಾರವನ್ನು ಮನೆಮಠ ಮಾರಿಯಾದರೂ ನೀವೇ ಕಟ್ಟಬೇಕಾಗುತ್ತದೆ, ನೊಂದ ಕುಟುಂಬಕ್ಕೂ ಆ ಹಣ ಸಕಾಲಕ್ಕೆ ಸಿಗುವುದಿಲ್ಲ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಓನ್ ಡ್ಯಾಮೇಜ್ ಪಾಲಿಸಿಯೊಂದನ್ನೇ ಹೊಸ ಕಂಪನಿಯಿಂದ ಇಂದೇ ಕೊಂಡೆ. ಅಕ್ಟೋಬರ್ 15ರ 00:00 ಗಂಟೆಯಿಂದ ಆರಂಭವೆಂದು ಅದರಲ್ಲಿ ಸ್ಪಷ್ಟವಾಗಿದೆ, ಬೋನಸ್ಸೂ ಶೇ. 25 ಬಂದಿದೆ. ಹಿರಿಯರು ಹೇಳಿದಂತೆ ಹುಡುಕಿದಾಗ ವೈಯಕ್ತಿಕ ಅಪಘಾತ ವಿಮೆ ಕಳೆದ ವರ್ಷವೇ ಮುಗಿದಿತ್ತು. ಇಡೀ ವರ್ಷ ಅದಿಲ್ಲದೆ ಕಾರು ಓಡಿಸಿದ್ದೇನೆಂದು ತಿಳಿದು ಎದೆ ಝಲ್ಲೆಂದಿತು. ಅದನ್ನು ಪ್ರತ್ಯೇಕವಾಗಿ ಈಗಲೇ ಮಾಡಿಸಿದೆ. ಸಾಲ ಕೊಟ್ಟ ಬ್ಯಾಂಕಿನ ಹೆಸರು ಹೊಸ ಪಾಲಿಸಿಯಲ್ಲಿ ಬಿಟ್ಟುಹೋಗಿದೆ. ಸೇರಿಸಿಕೊಡಲು ಕೋರಿ ಆರ್‌ಸಿಯ ಪ್ರತಿಯೊಂದಿಗೆ ಕಂಪನಿಗೆ ಪತ್ರ ಬರೆದಿದ್ದೇನೆ.