ಕ್ರಿಸ್‌ಮಸ್ ಊಟಕ್ಕೆ ಕಾರವಾರಕ್ಕೆ ಕರೆದಿದ್ದಾರೆ, ಏನು ಒಯ್ಯಲಿ?

ಘಟ್ಟದ ಮೇಲಿನವಳು:
ನಮ್ಮದು ಸಿರ್ಸಿ ಹತ್ತಿರದ ಹಳ್ಳಿ, ಅಡಿಕೆ ತೋಟದ ಮನೆ. ನಮ್ಮನೆಯವರ ಜೊತೆ ಕೆಲಸದಲ್ಲಿದ್ದವರೊಬ್ಬರ ಮನೆ ಸದಾಶಿವಗಡದಲ್ಲಿದೆ. ಡಿಸೆಂಬರ್ 25ರ ಮಧ್ಯಾಹ್ನ ಊಟಕ್ಕೆ ಬರಲೇಬೇಕೆಂದು ಆ ಮನೆಯ ಅಕ್ಕ ಫೋನ್ ಮಾಡಿ ಕರೆದಿದ್ದಾರೆ. "ಏನು ತರಲಿ ಅಕ್ಕಾ" ಅಂದರೆ "ನೀವು ಬನ್ನಿ, ಅಷ್ಟೇ ಸಾಕು" ಅಂದರು. ಬರಿಗೈಯಲ್ಲಿ ಹೋಗಲು ಮನಸ್ಸು ಒಪ್ಪುತ್ತಿಲ್ಲ. ಅವರಲ್ಲಿ ಆ ದಿನ ಇಪ್ಪತ್ತೈದು ಜನರಾದರೂ ಇರುತ್ತಾರಂತೆ. ನಾವಿಬ್ಬರು, ಮಗಳು, ಅತ್ತೆ ಸೇರಿ ನಾಲ್ಕು ಜನ, ಎಲ್ಲರೂ ಸಸ್ಯಾಹಾರಿಗಳು. ಅತ್ತೆ ಮೊಟ್ಟೆ ಹಾಕಿದ್ದನ್ನೂ ಮುಟ್ಟುವುದಿಲ್ಲ. ನಮಗಾಗಿ ಅವರಿಗೆ ಬೇರೆ ಅಡುಗೆಯ ಹೊರೆ ಆಗಬಾರದು. ಹುಳಿ, ಒಂದು ಪಲ್ಯ ಮಾಡಿ ಒಯ್ಯಲೇ? ತೊಡೆದೇವು, ಅಪ್ಪೆಮಿಡಿ ಉಪ್ಪಿನಕಾಯಿ ಮನೆಯಲ್ಲೇ ಇವೆ. ಇಂಥ ಊಟ ಹಾಕಿದವರು ಯಾರಾದರೂ ಹೇಳಿ.

ಅಂಕೋಲೆಯವ:
ಐಸ್ ಮತ್ತು ಕುಡಿಯುವ ನೀರು. ನಾನು ಬಿಣಗಾದಲ್ಲಿ ಗೆಳೆಯನ ಮನೆಗೆ ಪ್ರತಿ ಕ್ರಿಸ್‌ಮಸ್‌ಗೆ ಒಯ್ಯುವುದು ಇವೆರಡನ್ನೇ. ಡಿಸೆಂಬರ್ ಆದರೂ ಕರಾವಳಿಯ ಮಧ್ಯಾಹ್ನ ಬೆವರು ಬಿಡಿಸುತ್ತದೆ, ಹಬ್ಬದ ಮನೆಯ ಫ್ರಿಜ್ಜಿನಲ್ಲಿ ಒಂದು ಬಾಟಲಿಗೂ ಜಾಗ ಇರುವುದಿಲ್ಲ. ಕುರ್ಚಿ ಬೇಕಾ ಅಂತಲೂ ಹಿಂದಿನ ದಿನ ಕೇಳಿ ಬಿಡುತ್ತೇನೆ.

ಕಾಳಿ ದಂಡೆ:
ತಂಗೀ, ನಮ್ಮದು ಕಾರವಾರದ ಕೊಂಕಣಿ ಕ್ಯಾಥೊಲಿಕ್ ಮನೆ. 25ರ ಊಟ ಯಾವಾಗಲೂ ನಮ್ಮಲ್ಲೇ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಆ ಅಕ್ಕನ ಅಡುಗೆಮನೆಯ ಸ್ಥಿತಿ ತಿಳಿದುಕೊಳ್ಳಿ. ಸೊರ್ಪೊತೆಲ್ ಎರಡು ಮೂರು ದಿನ ಮೊದಲೇ ಆಗಿರುತ್ತದೆ. ವಿನೆಗರ್ ಹಾಕಿದ ಹಂದಿಮಾಂಸ, ದಿನಾ ಕುದಿಸಿದಷ್ಟೂ ರುಚಿ ಏರುತ್ತದೆ. ನೆವ್ರಿ, ಕುಲ್ಕುಲ್, ದೋದೋಲ್ ಎಂಬ ಸಿಹಿತಿಂಡಿಗಳೂ ಡಬ್ಬಿ ಸೇರಿರುತ್ತವೆ. 24ರ ರಾತ್ರಿ ಚರ್ಚಿನ ಪೂಜೆ ಮುಗಿಸಿ ಬಂದು, ಕೇಕ್ ಕತ್ತರಿಸಿ, ಮಲಗುವಾಗ ಎಷ್ಟೋ ಹೊತ್ತಾಗಿರುತ್ತದೆ. ಬೆಳಿಗ್ಗೆ ಎದ್ದರೆ ಒಂದು ಒಲೆಯ ಮೇಲೆ ಇಡ್ಲಿಯಂಥ ಸಾನ್ನಾ ಬೇಯುತ್ತಿರುತ್ತದೆ, ಇನ್ನೊಂದರ ಮೇಲೆ ಪುಲಾವ್, ಮತ್ತೊಂದಕ್ಕೆ ಕೋಳಿ ಕಾಯುತ್ತಿರುತ್ತದೆ. ಅಂಥ ಹೊತ್ತಲ್ಲಿ ಯಾರಾದರೂ ಪಾತ್ರೆ ಹಿಡಿದು ಬಂದು "ಇದನ್ನೊಂದು ಸ್ವಲ್ಪ ಬಿಸಿ ಮಾಡಿ" ಅಂದರೆ ಎದೆ ಧಸಕ್ಕೆನ್ನುತ್ತದೆ. ಹುಳಿ, ಪಲ್ಯ ಬೇಡ. ಕಾಯಿ ಹಾಕಿದ್ದು ಘಟ್ಟ ಇಳಿದು ಇಲ್ಲಿಗೆ ಬರುವಷ್ಟರಲ್ಲಿ ಹಳಸಿದರೂ ಹಳಸೀತು.

ತೊಡೆದೇವು ಮಾತ್ರ ದಯವಿಟ್ಟು ತನ್ನಿ! ಒಲೆ ಬೇಡ, ಫ್ರಿಜ್ ಬೇಡ, ಮೊಟ್ಟೆ ಇಲ್ಲ. ನಮ್ಮ ಮೇಜಿನ ಮೇಲೆ ಇರುವುದೆಲ್ಲ ಕರಿದದ್ದು, ಇಲ್ಲವೇ ತೆಂಗಿನ ಹಾಲಿನಲ್ಲಿ ಕಾಯಿಸಿದ್ದು. ಕಾಗದದಷ್ಟು ತೆಳ್ಳಗಿನ ಸಿಹಿ ಒಂದೂ ಇಲ್ಲ. ಚಪ್ಪಟೆ ಸ್ಟೀಲ್ ಡಬ್ಬಿಯಲ್ಲಿ ಒತ್ತದೆ ಜೋಡಿಸಿ, ಬಡಿಸುವ ತನಕ ಮುಚ್ಚಳ ತೆಗೆಯಬೇಡಿ. ಇಲ್ಲಿನ ಸಮುದ್ರದ ಗಾಳಿಗೆ ಗರಿಗರಿ ಹೋಗಿ ಮೆತ್ತಗಾಗುತ್ತದೆ. ಜೊತೆಗೆ ಮನೆಯ ತುಪ್ಪದ ಒಂದು ಬಾಟಲಿ. ಅಪ್ಪೆಮಿಡಿಯನ್ನೂ ಬಿಡಬೇಡಿ, ಜಿಡ್ಡಿನ ಸೊರ್ಪೊತೆಲ್ ಪಕ್ಕದಲ್ಲಿ ಆ ಹುಳಿ, ಆ ಪರಿಮಳ ಎಷ್ಟು ಹಿತವೋ ನಮ್ಮವರನ್ನೇ ಕೇಳಿ. ಬೇಸಿಗೆಯಲ್ಲಿ ಮಾಡಿಟ್ಟ ಮುರುಗಲು (ಕೋಕಂ) ರಸ ಉಳಿದಿದ್ದರೆ ಅದೂ ಬರಲಿ, ಮಕ್ಕಳಿಗೆ ಕುಡಿಯಲು ಆಯಿತು. ಇನ್ನು ತೋಟದ ಬಾಳೆಎಲೆ: ಬೆಂಕಿಗೆ ಹಿಡಿದು ಬಾಡಿಸಿ ಸುತ್ತಿ ತಂದರೆ ಇಪ್ಪತ್ತೈದು ತಟ್ಟೆ ತೊಳೆಯುವ ಕೆಲಸವೇ ತಪ್ಪಿತು. ಎಲೆ ತರುತ್ತೀರೆಂದು ಮೊದಲೇ ತಿಳಿಸಿ, ಇಲ್ಲದಿದ್ದರೆ ಅವರು ಪೇಟೆಯಿಂದ ತಂದಿಟ್ಟುಬಿಡುತ್ತಾರೆ.

ಅತ್ತೆಯವರ ವಿಷಯ ಇವತ್ತೇ ಫೋನ್ ಮಾಡಿ ಬಿಚ್ಚಿ ಹೇಳಿ. ಊಟಕ್ಕೆ ಕೂತ ಮೇಲೆ ಗೊತ್ತಾದರೆ ಆ ಅಕ್ಕನಿಗೆ ಅನ್ನ ಇಳಿಯುವುದಿಲ್ಲ. ಕೇಕಿನಲ್ಲಿ ಮೊಟ್ಟೆ ಇರುತ್ತದೆ, ದ್ರಾಕ್ಷಿಯನ್ನು ರಮ್ಮಿನಲ್ಲಿ ನೆನೆಸಿರಲೂಬಹುದು. ಪದರಪದರದ ಸಿಹಿ ಬೆಬಿಂಕಾ ಅಂದರೆ ಮೊಟ್ಟೆಯ ಹಳದಿಯೇ. ಸಾನ್ನಾ ಹಿಟ್ಟಿಗೆ ಕೆಲವರು ಇನ್ನೂ ಶೇಂದಿ ಹಾಕುತ್ತಾರೆ. ದೋದೋಲ್ ಅಕ್ಕಿಹಿಟ್ಟು, ಬೆಲ್ಲ, ತೆಂಗಿನ ಹಾಲಿನದು. ನೆವ್ರಿಯೊಳಗೆ ಕಾಯಿ, ಎಳ್ಳು. ಇವೆರಡನ್ನು ಅತ್ತೆ ತಿನ್ನಬಹುದು. ಕುಲ್ಕುಲ್ ಮಾತ್ರ ಕೇಳಿಕೊಳ್ಳಿ, ಮನೆಮನೆಗೆ ಬೇರೆ.

ಆದರೆ ನನ್ನನ್ನು ಕೇಳಿದರೆ ಇದಕ್ಕೆಲ್ಲ ಮೇಲಾದದ್ದು ಇನ್ನೊಂದಿದೆ. ಹವ್ಯಕರ ಮನೆಯಲ್ಲಿ ಪಂಕ್ತಿಗೆ ಬಡಿಸುವುದನ್ನು ನೋಡಿದ್ದೇನೆ, ಯಾರಿಗೆ ಏನು ಖಾಲಿಯಾಯಿತೆಂದು ಕಣ್ಣಲ್ಲೇ ಅಳೆಯುತ್ತೀರಿ. ನಿಮ್ಮ ಊಟ ಆದ ಕೂಡಲೇ ಒಳಗೆ ಹೋಗಿ "ಅಕ್ಕಾ, ಈಗ ನೀವು ಕೂತ್ಕೊಳ್ಳಿ, ನಾನು ಬಡಿಸುತ್ತೇನೆ" ಅನ್ನಿ. ಬೇಡ ಅನ್ನುತ್ತಾರೆ, ಕೈ ಹಿಡಿದು ಕೂರಿಸಿ. ಬಿಸಿ ಪುಲಾವನ್ನೇ ಹಾಕಿ. ಹಬ್ಬದ ದಿನ ಮನೆಯೊಡತಿ ಬಿಸಿ ಅನ್ನ ಉಣ್ಣುವುದು ಎಷ್ಟು ಅಪರೂಪ ಅಂತ ನಮ್ಮಂಥವರಿಗೆ ಗೊತ್ತು.

ಘಟ್ಟದ ಮೇಲಿನವಳು:
ಅಕ್ಕಾ, ಕಣ್ಣು ತುಂಬಿ ಬಂತು. ಬಡಿಸುವುದು ಖಂಡಿತ. ಇನ್ನೊಂದೇ ಸಂಶಯ. ಮಾಂಸ ಬಡಿಸುವ ಮೇಜಿನಲ್ಲಿ ಅತ್ತೆ ಕೂರಲಾರರು. ಬೇರೆ ಕೂರಿಸಿ ಅಂದರೆ ಆ ಮನೆಯವರಿಗೆ ನೋವಾಗುತ್ತದೆಯೇ?

ಕಾಳಿ ದಂಡೆ:
ಇಲ್ಲ ತಂಗೀ, ಅದನ್ನೂ ಅದೇ ಫೋನಿನಲ್ಲಿ ಹೇಳಿಬಿಡಿ. ಜಗುಲಿಯ ಮೇಲೆ ಬಾಲಯೇಸುವಿನ ಗೋದಲಿ ಕಟ್ಟಿರುತ್ತಾರಲ್ಲ, ಅಲ್ಲೇ ಒಂದು ಸಣ್ಣ ಮೇಜು ಹಾಕಿ ಕೊಡುತ್ತಾರೆ. ಮಗಳು ಅಜ್ಜಿಯ ಜೊತೆ ಕೂರಲಿ. ನಮ್ಮಲ್ಲಿ ವಯಸ್ಸಾದವರು ಹೇಗೂ ಹೊರಗೆ ಗಾಳಿಗೇ ಉಣ್ಣುವುದು, ಅತ್ತೆಗೆ ಜೊತೆಯೂ ಸಿಗುತ್ತದೆ.

ಅಂಕೋಲೆಯವ:
ಕಾರಿನಲ್ಲಿ ಒಂದು ಖಾಲಿ ಡಬ್ಬಿ ಹೆಚ್ಚಿಗೆ ಇಟ್ಟುಕೊಳ್ಳಿ. ಹೊರಡುವಾಗ ತಿಂಡಿ ತುಂಬಿ ಕೊಡದೆ ಬಿಡುವವರಲ್ಲ ಅವರು. ಅವರ ಮನೆಯ ಪಾತ್ರೆ ಘಟ್ಟ ಹತ್ತಿದರೆ ವಾಪಸ್ ಬರುವುದು ಮುಂದಿನ ವರ್ಷವೇ.